ಚಳಿಗಾಲದ ರಾತ್ರಿಗೆ ಯಾವುದಕ್ಕೆ ಹಣ ಹಾಕಬೇಕು: ಹೊದಿಕೆ, ಬಿಸಿನೀರಿನ ಚೀಲ, ಹೀಟರ್‌ಗಳ ಹೋಲಿಕೆ

ಕರ್ನಾಟಕದಲ್ಲಿ ಮನೆ ಕಟ್ಟುವವರು ಸೆಖೆಯನ್ನೂ ಮಳೆಯನ್ನೂ ಮನಸ್ಸಿನಲ್ಲಿಟ್ಟುಕೊಂಡು ಕಟ್ಟುತ್ತಾರೆಯೇ ಹೊರತು ಚಳಿಯನ್ನಲ್ಲ. ಗೋಡೆಯ ಮೇಲ್ಭಾಗದಲ್ಲಿ ಮುಚ್ಚಲು ಬಾರದ ವೆಂಟಿಲೇಟರ್, ಬಾಗಿಲಿನ ಕೆಳಗೆ ಬೆರಳು ತೂರುವಷ್ಟು ಸಂದು, ಬರಿಗಾಲಿಗೆ ತಂಪಾಗಿರಲೆಂದೇ ಹಾಕಿಸಿದ ರೆಡ್ ಆಕ್ಸೈಡ್ ಅಥವಾ ಗ್ರಾನೈಟ್ ನೆಲ, ಇವೆಲ್ಲ ಏಪ್ರಿಲ್ ತಿಂಗಳಿನಲ್ಲಿ ಹಿತವಾಗಿದ್ದು ಡಿಸೆಂಬರ್ ಮತ್ತು ಜನವರಿಯ ರಾತ್ರಿಗಳಲ್ಲಿ ಕಾಡುತ್ತವೆ. ಬೀದರ್, ವಿಜಯಪುರದ ಕಡೆ ಆ ದಿನಗಳಲ್ಲಿ ಬೆಳಗಿನ ಜಾವದ ಉಷ್ಣಾಂಶ 10 ಡಿಗ್ರಿಯ ಆಸುಪಾಸಿಗೆ, ಕೆಲವೊಮ್ಮೆ ಅದಕ್ಕಿಂತಲೂ ಕೆಳಕ್ಕೆ ಇಳಿಯುತ್ತದೆ. ಕೊಡಗು, ಚಿಕ್ಕಮಗಳೂರಿನಲ್ಲಿ ಚಳಿಯ ಜೊತೆಗೆ ಮಂಜೂ ತೇವವೂ ಸೇರಿಕೊಳ್ಳುತ್ತವೆ. ಬೆಂಗಳೂರಿನಲ್ಲಿ ಸಾಮಾನ್ಯವಾಗಿ 15 ಡಿಗ್ರಿಯ ಸುತ್ತಮುತ್ತ ಇರುವ ಚಳಿ 1884ರ ಜನವರಿ 13ರಂದು 7.8 ಡಿಗ್ರಿಗೆ ಇಳಿದಿದ್ದ ದಾಖಲೆಯಿದೆ.

ಇಂತಹ ಚಳಿ ವರ್ಷದಲ್ಲಿ ಎರಡು ತಿಂಗಳು ಮಾತ್ರ ಇರುವುದರಿಂದ ಅದಕ್ಕಾಗಿ ಮನೆಯನ್ನೇ ಬದಲಾಯಿಸಲು ಯಾರೂ ಹೊರಡುವುದಿಲ್ಲ. ಕೈಯಲ್ಲಿರುವ ಒಂದೆರಡು ಸಾವಿರ ರೂಪಾಯಿಯನ್ನು ಯಾವುದಕ್ಕೆ ಹಾಕಿದರೆ ಹೆಚ್ಚು ಬೆಚ್ಚಗಿರಬಹುದು ಎಂಬುದಷ್ಟೇ ಪ್ರಶ್ನೆ. ಹಣ ಮೊದಲು ಹಾಸಿಗೆಗೆ ಹೋಗಬೇಕು, ಆಮೇಲೆ ಮೈಮೇಲಿನ ಬಟ್ಟೆಗೆ, ಅನಂತರ ಕಿಟಕಿ ಬಾಗಿಲುಗಳ ಸಂದಿಗೆ. ರೂಮ್ ಹೀಟರ್ ಕೊನೆಗೆ ಬರಬೇಕು ಎಂಬುದು ನನ್ನ ನಿಲುವು. ಎಳೆಯ ಮಗು, ವಯಸ್ಸಾದವರು ಅಥವಾ ಕಾಯಿಲೆಯವರು ಇರುವ ಮನೆಯಲ್ಲಿ ಮಾತ್ರ ಈ ಕ್ರಮ ಬದಲಾಗುತ್ತದೆ; ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಕೋಣೆಗೆ ಬಿಸಿಯೋ, ಮೈಗೆ ಬಿಸಿಯೋ

ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಒಂದು ಕೋಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಅದರೊಳಗಿರುವ ಗಾಳಿಯ ತೂಕ ಮೂವತ್ತು ಕಿಲೋಗಿಂತ ಸ್ವಲ್ಪ ಹೆಚ್ಚು. ಅಷ್ಟು ಗಾಳಿಯನ್ನು 5 ಡಿಗ್ರಿ ಬಿಸಿ ಮಾಡಲು ಒಂದು ಯೂನಿಟ್ ವಿದ್ಯುತ್ತಿನ ಇಪ್ಪತ್ತನೇ ಒಂದು ಭಾಗ ಸಾಕಾಗುತ್ತದೆ. ಫ್ಯಾನ್ ಹೀಟರ್ ಹಚ್ಚಿದ ಕೆಲವೇ ನಿಮಿಷಗಳಲ್ಲಿ ಕೋಣೆ ಬೆಚ್ಚಗಾದಂತೆ ಅನಿಸುವುದಕ್ಕೆ ಇದೇ ಕಾರಣ. ಆದರೆ ಅದೇ ಕೋಣೆಯ ಒಂಬತ್ತು ಅಂಗುಲ ದಪ್ಪದ ಇಟ್ಟಿಗೆ ಗೋಡೆಗಳ ತೂಕ ಹತ್ತು ಟನ್ನಿಗೂ ಮಿಗಿಲಾಗಿದ್ದು, ಅವು ಒಂದೇ ಒಂದು ಡಿಗ್ರಿ ಬಿಸಿಯಾಗಲು ಸುಮಾರು 3 ಯೂನಿಟ್ ಬೇಕಾಗುತ್ತದೆ. ಗಾಳಿಗೆ ಕೊಟ್ಟ ಬಿಸಿಯನ್ನು ತಣ್ಣಗಿರುವ ಗೋಡೆ, ನೆಲ ಮತ್ತು ತಾರಸಿ ಎಳೆದುಕೊಳ್ಳುತ್ತಲೇ ಇರುತ್ತವೆ, ಉಳಿದದ್ದು ವೆಂಟಿಲೇಟರ್‌ನಿಂದ ಹೊರಗೆ ಹೋಗುತ್ತದೆ. ಹೀಟರ್ ಆರಿಸಿದ ಹತ್ತು ನಿಮಿಷಕ್ಕೇ ಚಳಿ ಮರಳಿ ಬಂದರೆ ಅದು ಹೀಟರ್‌ನ ದೋಷವಲ್ಲ.

ಇನ್ನೊಂದು ಕಡೆ, ಮಲಗಿ ನಿದ್ರಿಸುತ್ತಿರುವ ವಯಸ್ಕರೊಬ್ಬರ ದೇಹವೇ 70ರಿಂದ 80 ವಾಟ್‌ನಷ್ಟು ಶಾಖವನ್ನು ರಾತ್ರಿಯಿಡೀ ಹೊರಬಿಡುತ್ತಿರುತ್ತದೆ. ಆ ಶಾಖವನ್ನು ಹಿಡಿದಿಟ್ಟುಕೊಂಡರೆ ಬೇರೆ ಶಾಖದ ಅಗತ್ಯವೇ ಅಪರೂಪ. ಹೊದಿಕೆ ಮಾಡುವ ಕೆಲಸ ಇದು, ಮತ್ತು ಅದಕ್ಕೆ ತಿಂಗಳ ಬಿಲ್ ಬರುವುದಿಲ್ಲ.

ಹೊದಿಕೆಗಳಲ್ಲಿ ಯಾವುದು

ಯಾವ ಹೊದಿಕೆಯಾದರೂ ಬೆಚ್ಚಗಿಡುವುದು ತನ್ನೊಳಗೆ ಅಲುಗಾಡದಂತೆ ಹಿಡಿದಿಟ್ಟ ಗಾಳಿಯಿಂದಲೇ. ಆದ್ದರಿಂದ ಬಟ್ಟೆಯ ತೂಕಕ್ಕಿಂತ ಅದರ ಉಬ್ಬು, ಪದರಗಳ ಸಂಖ್ಯೆ ಮತ್ತು ತೇವ ತಾಗಿದಾಗ ಅದು ಹೇಗಿರುತ್ತದೆ ಎಂಬುದೇ ಮುಖ್ಯವಾಗುತ್ತದೆ. ತೇವದ ಪ್ರಶ್ನೆ ನಮ್ಮ ರಾಜ್ಯದಲ್ಲಿ ಊರಿನಿಂದ ಊರಿಗೆ ಬದಲಾಗುವುದರಿಂದ, ಕಲಬುರಗಿಯವರಿಗೆ ಒಳ್ಳೆಯದಾದ ಹೊದಿಕೆ ಮಡಿಕೇರಿಯವರಿಗೂ ಒಳ್ಳೆಯದೇ ಆಗಬೇಕೆಂದಿಲ್ಲ.

ಹತ್ತಿಯ ರಜಾಯಿ ಒಣ ಹವೆಗೆ ಹೇಳಿ ಮಾಡಿಸಿದ್ದು. ಉತ್ತರ ಕರ್ನಾಟಕದ ಚಳಿಗಾಲದಲ್ಲಿ ಹಗಲಿನ ಬಿಸಿಲು ಚುರುಕಾಗಿರುವುದರಿಂದ ರಜಾಯಿಯನ್ನು ಮಾಳಿಗೆಯ ಮೇಲೆ ಹಾಕಿದರೆ ಸಂಜೆಗೆ ಅದು ಗರಿಗರಿಯಾಗಿ ಉಬ್ಬಿರುತ್ತದೆ. ವರ್ಷಗಳು ಕಳೆದಂತೆ ಹತ್ತಿ ಗಂಟುಗಟ್ಟಿ ಚಪ್ಪಟೆಯಾಗುತ್ತದೆ, ಆಗ ಅದರ ಬೆಚ್ಚಗಿಡುವ ಶಕ್ತಿ ಅರ್ಧಕ್ಕರ್ಧ ಹೋದಂತೆಯೇ. ಇಂತಹ ರಜಾಯಿಯನ್ನು ಎಸೆದು ಹೊಸದನ್ನು ಕೊಳ್ಳುವ ಬದಲು ಹಾಸಿಗೆ ಅಂಗಡಿಯಲ್ಲಿ ಹತ್ತಿಯನ್ನು ಹಿಂಜಿಸಿ, ಬೇಕಿದ್ದರೆ ಒಂದೆರಡು ಕಿಲೋ ಹೊಸ ಹತ್ತಿ ಸೇರಿಸಿ ಮತ್ತೆ ಹೊಲಿಸಬಹುದು. ಪಿಂಜಾರರು ಮನೆ ಮನೆಗೆ ಬಂದು ಹಿಂಜಿಕೊಡುತ್ತಿದ್ದ ಕಾಲ ಬಹುಮಟ್ಟಿಗೆ ಮುಗಿದಿದ್ದರೂ ಯಂತ್ರದಲ್ಲಿ ಹಿಂಜಿಕೊಡುವ ಅಂಗಡಿಗಳು ಹೆಚ್ಚಿನ ಪಟ್ಟಣಗಳಲ್ಲಿವೆ. ನನ್ನ ಮಟ್ಟಿಗೆ ಚಳಿಗಾಲದಲ್ಲಿ ಮಾಡಬಹುದಾದ ಅತ್ಯಂತ ಲಾಭದ ಖರ್ಚು ಇದೇ. ಮಲೆನಾಡಿನಲ್ಲಿ ಮಾತ್ರ ಹತ್ತಿ ತೇವವನ್ನು ಹೀರಿ ಭಾರವಾಗುತ್ತದೆ, ಬಿಸಿಲು ಕಾಣದ ವಾರದಲ್ಲಿ ಮುಗ್ಗಲು ವಾಸನೆಯೂ ಬರುತ್ತದೆ.

ಅಲ್ಲಿ ಕಂಬಳಿ ಗೆಲ್ಲುತ್ತದೆ. ದಖನಿ ಕುರಿಯ ಒರಟು ಉಣ್ಣೆಯಿಂದ ಕುರುಬ ಸಮುದಾಯದವರು ನೇಯುವ, ಚಳ್ಳಕೆರೆ ಮತ್ತು ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯ ಹೆಸರಿನಲ್ಲಿ ಪರಿಚಿತವಾಗಿರುವ ಈ ಕಂಬಳಿ ಸ್ವಲ್ಪ ತೇವವಾದರೂ ಬಿಸಿಯನ್ನು ಬಿಟ್ಟುಕೊಡುವುದಿಲ್ಲ. ಹುಣಸೆ ಬೀಜದ ಗಂಜಿ ಕೊಟ್ಟು ಬಿಗಿಗೊಳಿಸಿದ ನೇಯ್ಗೆಯಾದ್ದರಿಂದ ಬೀಸುವ ಗಾಳಿಯನ್ನೂ ತಡೆಯುತ್ತದೆ. ಕುರಿ ಕಾಯುವವರು ಮಳೆಯಲ್ಲೂ ಇದನ್ನೇ ಕೊಪ್ಪೆ ಹಾಕಿಕೊಳ್ಳುತ್ತಿದ್ದುದು ಸುಮ್ಮನೆ ಅಲ್ಲ. ಮೈಗೆ ಚುಚ್ಚುತ್ತದೆ ಎಂಬುದು ಇದರ ದೊಡ್ಡ ಕೊರತೆ; ಕೆಳಗೆ ಒಂದು ಹತ್ತಿಯ ಚಾದರ ಅಥವಾ ತೆಳುವಾದ ಕೌದಿ ಹೊದ್ದು ಮೇಲೆ ಕಂಬಳಿ ಹಾಕಿಕೊಂಡರೆ ಆ ತೊಂದರೆ ತಪ್ಪುತ್ತದೆ, ಬಿಸಿಯೂ ಹೆಚ್ಚುತ್ತದೆ. ಕೈಮಗ್ಗದ ಶುದ್ಧ ಉಣ್ಣೆಯ ಕಂಬಳಿ ಬಜಾರಿನ ಅಗ್ಗದ ಬ್ಲಾಂಕೆಟ್‌ಗಿಂತ ದುಬಾರಿ, ಆದರೆ ಹುಳು ತಾಗದಂತೆ ಬೇವಿನ ಎಲೆಯೊಂದಿಗೆ ಒಣಗಿಸಿಟ್ಟರೆ ದಶಕಗಳ ಕಾಲ ಬಾಳುತ್ತದೆ. ಕೊಳ್ಳುವಾಗ ಅಂಚಿನಿಂದ ಒಂದು ಎಳೆಯನ್ನು ತೆಗೆದು ಸುಟ್ಟು ನೋಡಬೇಕು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗುತ್ತದೆ. ಅಕ್ರಿಲಿಕ್ ಅಥವಾ ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಂತಾಗುತ್ತದೆ.

ಕೌದಿಯನ್ನು ಬಡವರ ಹೊದಿಕೆ ಎಂದು ಬದಿಗಿಡುವವರಿದ್ದಾರೆ. ಹಳೆಯ ಸೀರೆ, ಪಂಚೆಗಳ ನಾಲ್ಕೈದು ಪದರಗಳನ್ನು ಒತ್ತಾಗಿ ಹೊಲಿದ ಕೌದಿ ರಜಾಯಿಯಷ್ಟು ಉಬ್ಬಿರುವುದಿಲ್ಲವಾದ್ದರಿಂದ ಬೀದರಿನ ಜನವರಿಗೆ ಒಂದೇ ಕೌದಿ ಸಾಲದು ಎಂಬುದು ನಿಜ. ಆದರೆ ಸಾಮಗ್ರಿಗೆ ಖರ್ಚಿಲ್ಲ, ಮನೆಯಲ್ಲೇ ಒಗೆಯಬಹುದು, ಅರ್ಧ ದಿನದಲ್ಲಿ ಒಣಗುತ್ತದೆ, ಹಾಸಲೂ ಹೊದೆಯಲೂ ಬರುತ್ತದೆ. ಬೆಂಗಳೂರು, ಮೈಸೂರಿನಂತಹ ಸೌಮ್ಯ ಚಳಿಯಲ್ಲಿ ಎರಡು ಕೌದಿ ಇದ್ದವರು ಬೇರೇನನ್ನೂ ಕೊಳ್ಳಬೇಕಾಗಿಲ್ಲ.

ಇನ್ನು ಅಂಗಡಿಗಳಲ್ಲಿ ರಾಶಿ ಹಾಕಿರುವ ಮಿಂಕ್ ಬ್ಲಾಂಕೆಟ್ ಮತ್ತು ಫೈಬರ್ ತುಂಬಿದ ಕಂಫರ್ಟರ್‌ಗಳ ವಿಷಯ. ಎರಡೂ ಪಾಲಿಯೆಸ್ಟರ್. ಮಿಂಕ್ ಮೃದುವಾಗಿದ್ದು ಹೊದ್ದ ಕೂಡಲೇ ಬೆಚ್ಚಗೆನಿಸುತ್ತದೆ, ಬೇಗ ಒಣಗುತ್ತದೆ, ಹುಳು ತಿನ್ನುವುದಿಲ್ಲ. ಬೆವರನ್ನು ಹೊರಬಿಡದ ಕಾರಣ ನಡುರಾತ್ರಿ ಜಿಗುಟಾಗಿಸುತ್ತದೆ, ಮತ್ತು ಬೆಂಕಿಯ ಕಿಡಿಯಾಗಲಿ ರಾಡ್ ಹೀಟರ್‌ನ ಕಾವಾಗಲಿ ತಾಗಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುವ ಅಪಾಯವಿದೆ. ಒಳ್ಳೆಯ ಉಬ್ಬಿರುವ ಫೈಬರ್ ಕಂಫರ್ಟರ್ ಅದೇ ಬೆಲೆಗೆ ಮಿಂಕ್‌ಗಿಂತ ಹಗುರವಾಗಿಯೂ ಬೆಚ್ಚಗೂ ಇರುತ್ತದೆ. ಪಾಣಿಪತ್‌ನಲ್ಲಿ ಹಳೆಯ ಉಣ್ಣೆ ಬಟ್ಟೆಗಳನ್ನು ಚಿಂದಿ ಮಾಡಿ ಮತ್ತೆ ನೂಲು ತೆಗೆದು ನೇಯುವ ಬೂದು ಬಣ್ಣದ ಅಗ್ಗದ ಬ್ಲಾಂಕೆಟ್‌ಗಳು ದಾನ ಕೊಡುವವರಿಗೆ ಪ್ರಿಯವಾಗಿವೆ. ಕೊಟ್ಟವರಿಗೆ ಕಡಿಮೆ ಖರ್ಚು, ಪಡೆದವರಿಗೆ ಎರಡು ಚಳಿಗಾಲದ ಬಾಳಿಕೆ. ಮೇಲಿನ ಹೊದಿಕೆಯಾಗಿ ಬಳಸಿದರೆ ಅಷ್ಟಕ್ಕೆ ಮೋಸವಿಲ್ಲ.

ಹೊದಿಕೆ ಎಷ್ಟೇ ಇದ್ದರೂ ಚಳಿ ಹೋಗುತ್ತಿಲ್ಲ ಎನ್ನುವವರು ಸಾಮಾನ್ಯವಾಗಿ ಕೆಳಗಿನಿಂದ ಬರುವ ಚಳಿಯನ್ನು ಗಮನಿಸಿರುವುದಿಲ್ಲ. ಮೈಭಾರಕ್ಕೆ ಹಾಸಿಗೆ ಒತ್ತಿಹೋಗಿ ಅದರೊಳಗಿನ ಗಾಳಿ ಕಡಿಮೆಯಾಗುವುದರಿಂದ ಬೆನ್ನಿನ ಬಿಸಿ ನೆಲಕ್ಕೆ ಇಳಿಯುತ್ತದೆ. ಹಗ್ಗದ ಹೊರಸಿನ ಮೇಲೆ ಮಲಗುವವರಿಗಂತೂ ಕೆಳಗಿನಿಂದ ಗಾಳಿಯೇ ಬೀಸುತ್ತದೆ. ನೆಲದ ಮೇಲೆ ಚಾಪೆ, ಅದರ ಮೇಲೆ ಗೋಣಿಚೀಲ ಅಥವಾ ಹಳೆಯ ಜಮಖಾನ, ಅದರ ಮೇಲೆ ಹಾಸಿಗೆ ಹಾಕಿ, ಮನೆಯಲ್ಲಿ ಎರಡು ಕಂಬಳಿ ಇದ್ದರೆ ಒಂದನ್ನು ಮಡಿಸಿ ಹಾಸಿಗೆಯ ಮೇಲೆಯೇ ಹಾಸಿ ಅದರ ಮೇಲೆ ಚಾದರ ಹಾಕಿದರೆ, ಅದೇ ಹೊದಿಕೆ ಮೊದಲಿಗಿಂತ ಬೆಚ್ಚಗೆ ಅನಿಸುತ್ತದೆ. ಈ ಬದಲಾವಣೆಗೆ ಖರ್ಚಿಲ್ಲವಾದ್ದರಿಂದ ಹೊಸ ಹೊದಿಕೆ ಕೊಳ್ಳುವ ಮೊದಲು ಮಾಡಿ ನೋಡಬೇಕಾದದ್ದು ಇದು.

ಮೈಮೇಲಿನ ಬಟ್ಟೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಒಂದು ದಪ್ಪ ಸ್ವೆಟರ್‌ಗಿಂತ ಎರಡು ತೆಳು ಪದರಗಳು ಮೇಲು. ಕಾಲುಚೀಲ ಮತ್ತು ತಲೆಗೆ ಮಫ್ಲರ್ ಅಥವಾ ಟೋಪಿ, ಮಕ್ಕಳಿಗೆ ಹಗಲಿನಲ್ಲಿ ಕುಲಾವಿ, ಇವು ಕೊಟ್ಟ ಬೆಲೆಗಿಂತ ಹೆಚ್ಚಿನ ಕೆಲಸ ಮಾಡುತ್ತವೆ. ಚಳಿಗಾಲ ಬಂದಾಗ ಊರೂರಿನಲ್ಲಿ ಟಿಬೆಟನ್ನರು ಹಾಕುವ ಸ್ವೆಟರ್ ಮಳಿಗೆಗಳಲ್ಲಿ ಜನವರಿಯ ಕೊನೆಯ ಹೊತ್ತಿಗೆ ಚೌಕಾಸಿಗೆ ಅವಕಾಶ ಹೆಚ್ಚು.

ಬಿಸಿನೀರಿನ ಚೀಲ ಮತ್ತು ವಿದ್ಯುತ್ ಹಾಸು

ಹೊದಿಕೆ ಸರಿಯಿದ್ದೂ ಮಲಗಿದ ಮೊದಲ ಅರ್ಧ ಗಂಟೆ ಹಾಸಿಗೆ ಮಂಜುಗಡ್ಡೆಯಂತಿರುತ್ತದೆ ಎನ್ನುವವರಿಗೆ ಈ ಎರಡೇ ಆಯ್ಕೆಗಳು ಸಾಕು. ರಬ್ಬರಿನ ಬಿಸಿನೀರಿನ ಚೀಲಕ್ಕೆ ಮುನ್ನೂರರಿಂದ ಐನೂರು ರೂಪಾಯಿಯಾಗುತ್ತದೆ. ಒಂದೂವರೆ ಲೀಟರ್ ನೀರನ್ನು 20 ಡಿಗ್ರಿಯಿಂದ 80 ಡಿಗ್ರಿಗೆ ಕಾಯಿಸಲು ಎಲೆಕ್ಟ್ರಿಕ್ ಕೆಟಲ್‌ನಲ್ಲಿ ಒಂದು ಯೂನಿಟ್ಟಿನ ಎಂಟನೇ ಒಂದು ಭಾಗಕ್ಕಿಂತ ಹೆಚ್ಚು ಬೇಕಾಗುವುದಿಲ್ಲ, ಅಂದರೆ ರಾತ್ರಿಗೆ ಮುಕ್ಕಾಲು ರೂಪಾಯಿ. ಕುದಿಯುವ ನೀರನ್ನು ಹಾಕದೆ, ಚೀಲವನ್ನು ಮುಕ್ಕಾಲು ಪಾಲಿಗಿಂತ ಕಡಿಮೆ ತುಂಬಿಸಿ, ಒಳಗಿನ ಗಾಳಿಯನ್ನು ಒತ್ತಿ ತೆಗೆದು ಮುಚ್ಚಳ ಬಿಗಿದು, ಬಟ್ಟೆಯಲ್ಲಿ ಸುತ್ತಿ ಮಲಗುವ ಕಾಲು ಗಂಟೆ ಮೊದಲು ಕಾಲ ಬಳಿ ಇಡಬೇಕು. ರಬ್ಬರು ಬಿರುಕು ಬಿಡಲು ಆರಂಭವಾದರೆ ಅದನ್ನು ಮುಂದಿನ ವರ್ಷಕ್ಕೆ ಉಳಿಸಿಕೊಳ್ಳಬಾರದು. ಪ್ಲಗ್‌ಗೆ ಹಾಕಿ ಕಾಯಿಸುವ, ಒಳಗೆ ದ್ರವ ತುಂಬಿರುವ ಚೀಲಗಳು ಇದೇ ಬೆಲೆಗೆ ಸಿಗುತ್ತವೆ. ಸೋರಿಕೆ ಮತ್ತು ಸಿಡಿಯುವ ಅಪಾಯದಿಂದಾಗಿ ಅವುಗಳನ್ನು ನಾನು ಶಿಫಾರಸು ಮಾಡುವುದಿಲ್ಲ.

ಹಾಸಿಗೆಯ ಮೇಲೆ ಹಾಸುವ ಎಲೆಕ್ಟ್ರಿಕ್ ಬ್ಲಾಂಕೆಟ್‌ಗೆ ಸುಮಾರು ಸಾವಿರದಿಂದ ಎರಡು ಸಾವಿರ ರೂಪಾಯಿ ಬೆಲೆಯಿದೆ. ಒಬ್ಬರು ಮಲಗುವ ಅಳತೆಯದು 75 ವಾಟ್‌ನ ಆಸುಪಾಸಿನಲ್ಲಿರುತ್ತದೆ. ರಾತ್ರಿಯಿಡೀ ಎಂಟು ಗಂಟೆ ಹಾಕಿದರೂ 0.6 ಯೂನಿಟ್, ಮಲಗುವ ಮೊದಲು ಒಂದು ಗಂಟೆ ಹಾಕಿ ಆರಿಸಿದರೆ ಹೆಚ್ಚಿನವರಿಗೆ ಅದೇ ಸಾಕು. ಖರ್ಚಿನ ಲೆಕ್ಕದಲ್ಲಿ ಯಾವ ರೂಮ್ ಹೀಟರ್ ಕೂಡ ಇದರ ಹತ್ತಿರ ಬರುವುದಿಲ್ಲ. ಆದರೂ ನಿಯಮಗಳು ಕಟ್ಟುನಿಟ್ಟು: ಮಡಿಸಿ ಅಥವಾ ಸುಕ್ಕುಗಟ್ಟಿಸಿ ಬಳಸಬಾರದು, ಒದ್ದೆಯಾದರೆ ಮುಟ್ಟಬಾರದು, ಅದರ ಮೇಲೆ ಬಿಸಿನೀರಿನ ಚೀಲ ಇಡಬಾರದು. ಮಧುಮೇಹದಿಂದ ಪಾದಗಳ ಸ್ಪರ್ಶಜ್ಞಾನ ಕಡಿಮೆಯಾಗಿರುವವರಿಗೆ ಚೀಲವೂ ಹಾಸೂ ಅರಿವಿಲ್ಲದೆಯೇ ಸುಟ್ಟ ಗಾಯ ಮಾಡಬಲ್ಲವು. ಅಂಥವರು ಹಾಸಿಗೆಯನ್ನು ಮೊದಲೇ ಬೆಚ್ಚಗೆ ಮಾಡಿಸಿಕೊಂಡು, ಅವನ್ನು ತೆಗೆದಿಟ್ಟ ಮೇಲೆ ಮಲಗುವುದು ಕ್ಷೇಮ. ಎಳೆಯ ಮಗುವಿನ ಹಾಸಿಗೆಯಲ್ಲಿ ಎರಡಕ್ಕೂ ಜಾಗವಿಲ್ಲ.

ಹೀಟರ್‌ಗಳ ನಡುವಿನ ವ್ಯತ್ಯಾಸ

ಕಾಯಿಲ್, ರಾಡ್, ಫ್ಯಾನ್, ಎಣ್ಣೆ ತುಂಬಿದ್ದು, ಯಾವುದೇ ಇರಲಿ, ತಂತಿಯನ್ನು ಕಾಯಿಸಿ ಶಾಖ ಕೊಡುವ ಹೀಟರ್‌ಗಳೆಲ್ಲ ಒಂದು ಯೂನಿಟ್ ವಿದ್ಯುತ್ತಿಗೆ ಒಂದು ಯೂನಿಟ್ ಶಾಖವನ್ನೇ ಕೊಡುತ್ತವೆ, ಅದಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಡಬ್ಬಿಯ ಮೇಲೆ ವಿದ್ಯುತ್ ಉಳಿತಾಯ ಎಂದು ಬರೆದಿದ್ದರೆ ಅದಕ್ಕೆ ಹೆಚ್ಚಿನ ಬೆಲೆ ಕೊಡಬಾರದು. ಅವುಗಳ ನಡುವಿನ ವ್ಯತ್ಯಾಸ ಶಾಖ ಎಲ್ಲಿಗೆ ಹೋಗುತ್ತದೆ ಎಂಬುದರಲ್ಲಿದೆ.

ಸಾವಿರದಿಂದ ಸಾವಿರದ ಐನೂರರೊಳಗೆ ಸಿಗುವ, 400 ವಾಟ್‌ನ ಎರಡು ಕ್ವಾರ್ಟ್ಜ್ ರಾಡ್‌ಗಳ ಹೀಟರ್ ಎದುರಿಗೆ ಕುಳಿತವರ ಮೈಯನ್ನು ನೇರವಾಗಿ ಕಾಯಿಸುತ್ತದೆ. ಗಾಳಿಯಾಡುವ ಕೋಣೆಯಲ್ಲೂ ಇದು ಕೆಲಸ ಮಾಡುವುದರಿಂದ ಓದಲು ಕುಳಿತವರಿಗೆ, ಕಂಪ್ಯೂಟರ್ ಮುಂದೆ ಕೆಲಸ ಮಾಡುವವರಿಗೆ ನಮ್ಮ ಮನೆಗಳಲ್ಲಿ ಹೆಚ್ಚು ಹೊಂದುವುದು ಇದೇ. ಒಂದೇ ರಾಡ್ ಹಚ್ಚಿ ಕಾಲಿನ ಕಡೆ ತಿರುಗಿಸಿದರೆ ಗಂಟೆಗೆ 0.4 ಯೂನಿಟ್ ಮಾತ್ರ. ಆದರೆ ಕೆಂಪಗೆ ಕಾದಿರುವ ರಾಡ್‌ನಿಂದ ಮೂರಡಿಯೊಳಗೆ ಹೊದಿಕೆ, ಪರದೆ, ಮಗು, ಬೆಕ್ಕು ಯಾವುದೂ ಇರಬಾರದು, ಮಲಗುವ ಮೊದಲು ಆರಿಸಲೇಬೇಕು.

ಫ್ಯಾನ್ ಹೀಟರ್ ಸಾಮಾನ್ಯವಾಗಿ 2000 ವಾಟ್. ಸಂದಿಲ್ಲದ ಸಣ್ಣ ಕೋಣೆಯಲ್ಲಿ ಹತ್ತು ನಿಮಿಷ ಹಾಕಿ, ಮಗುವಿಗೆ ಸ್ನಾನ ಮಾಡಿಸಿದ ಮೇಲೆ ಮೈ ಒರೆಸಿ ಬಟ್ಟೆ ಹಾಕುವಷ್ಟು ಹೊತ್ತಿಗೆ ಇದು ಉಪಯುಕ್ತ. ಗಂಟೆಗಟ್ಟಲೆ ಓಡಿಸುವುದಕ್ಕೆ ಅಲ್ಲ. ಎಣ್ಣೆ ತುಂಬಿದ ರೇಡಿಯೇಟರ್‌ಗೆ ಏಳೆಂಟು ಸಾವಿರದಿಂದ ಮೇಲಕ್ಕೆ ಬೆಲೆಯಿದೆ. ನಿಧಾನವಾಗಿ ಕಾಯುತ್ತದೆ, ಆರಿಸಿದ ಮೇಲೂ ಸ್ವಲ್ಪ ಹೊತ್ತು ಬಿಸಿಯಿರುತ್ತದೆ, ಬೆಳಕು ಶಬ್ದಗಳಿಲ್ಲ, ರಾಡ್‌ನಂತೆ ಕೆಂಪಗೆ ಕಾಯುವ ಭಾಗ ಹೊರಗಿಲ್ಲ. ಥರ್ಮೋಸ್ಟಾಟ್ ಇರುವುದರಿಂದ ನಿಗದಿತ ಬಿಸಿ ಮುಟ್ಟಿದಾಗ ತಾನೇ ನಿಲ್ಲುತ್ತದೆ. ರಾತ್ರಿಯಿಡೀ ಕೋಣೆ ಬೆಚ್ಚಗಿರಲೇಬೇಕಾದ ಮನೆಗೆ ಈ ಎಲ್ಲದರಲ್ಲಿ ಸರಿಯಾದದ್ದು ಇದೇ, ಆದರೆ ಸಂದುಗಳನ್ನು ಮುಚ್ಚದ ಕೋಣೆಯಲ್ಲಿ ಅದು ನಿಲ್ಲುವುದೇ ಇಲ್ಲ.

ಇವೆಲ್ಲವುಗಳಿಂದ ಬೇರೆಯಾದದ್ದು ಬಿಸಿಯನ್ನೂ ಕೊಡುವ ಎಸಿ. ಅದು ಶಾಖವನ್ನು ಹುಟ್ಟಿಸದೆ ಹೊರಗಿನ ಗಾಳಿಯಿಂದ ಒಳಕ್ಕೆ ತರುವುದರಿಂದ, ನಮ್ಮಂತಹ ಸೌಮ್ಯ ಚಳಿಯಲ್ಲಿ ಒಂದು ಯೂನಿಟ್ಟಿಗೆ ಸುಮಾರು ಮೂರು ಯೂನಿಟ್ಟಿನಷ್ಟು ಶಾಖ ಕೊಡುತ್ತದೆ. ಆದರೆ ನಮ್ಮಲ್ಲಿ ಹೆಚ್ಚಾಗಿ ಮಾರಾಟವಾಗುವುದು ತಂಪು ಮಾತ್ರ ಮಾಡುವ ಎಸಿ. ಎರಡು ತಿಂಗಳ ಚಳಿಗಾಗಿ ಹೊಸದನ್ನು ಕೊಳ್ಳುವುದು ಅರ್ಥಹೀನ; ಹೇಗಿದ್ದರೂ ಎಸಿ ಕೊಳ್ಳಲು ಹೊರಟವರು ಮಾತ್ರ ಈ ಸೌಲಭ್ಯವಿರುವುದನ್ನು ವಿಚಾರಿಸಬಹುದು. ದೆಹಲಿಯಂತಹ ಕಡೆ ಇರುವ ಕನ್ನಡಿಗರ ಲೆಕ್ಕ ಬೇರೆ: ಅಲ್ಲಿ ಹಗಲೂ ಚಳಿಯಿರುತ್ತದೆ, ಬೇಸಿಗೆಗೆ ಎಸಿ ಬೇಕೇ ಬೇಕು, ಆದ್ದರಿಂದ ಎರಡೂ ಕೆಲಸ ಮಾಡುವ ಯಂತ್ರ ಕೆಲವು ವರ್ಷಗಳಲ್ಲಿ ತನ್ನ ಹೆಚ್ಚುವರಿ ಬೆಲೆಯನ್ನು ತೀರಿಸಿಕೊಳ್ಳಬಹುದು.

ಯಾವ ಹೀಟರ್ ಆದರೂ ಐಎಸ್ಐ ಗುರುತು ಇರಬೇಕು, ಬಿದ್ದರೆ ತಾನೇ ಆರುವ ಸ್ವಿಚ್ ಇದ್ದರೆ ಉತ್ತಮ. 2000 ವಾಟ್‌ನ ಯಂತ್ರ 230 ವೋಲ್ಟ್‌ನಲ್ಲಿ ಸುಮಾರು 9 ಆಂಪಿಯರ್ ಎಳೆಯುವುದರಿಂದ ಅದನ್ನು 16 ಆಂಪಿಯರ್‌ನ ದೊಡ್ಡ ಸಾಕೆಟ್‌ಗೆ ಮಾತ್ರ ಹಾಕಬೇಕು. ಮೊಬೈಲ್ ಚಾರ್ಜರ್ ಹಾಕುವ ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಹಾಕಿದರೆ ಪ್ಲಾಸ್ಟಿಕ್ ಕರಗಿ ಬೆಂಕಿ ಹತ್ತಬಹುದು. ಹಳೆಯ ವೈರಿಂಗ್ ಇರುವ ಬಾಡಿಗೆ ಮನೆಗಳಲ್ಲಿ ಈ ಒಂದೇ ಕಾರಣಕ್ಕೆ 800 ವಾಟ್‌ನ ರಾಡ್ ಹೀಟರ್‌ಗಿಂತ ಮೇಲೆ ಹೋಗದಿರುವುದು ಒಳ್ಳೆಯದು.

ಗೃಹಜ್ಯೋತಿ ಇರುವ ಮನೆಯ ಲೆಕ್ಕ

2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿರುವ ಮನೆಗಳಿಗೆ ಹೀಟರ್‌ನ ಖರ್ಚು ಯೂನಿಟ್ ಗುಣಿಸಿ ನೋಡಿದಷ್ಟು ಸರಳವಲ್ಲ. 2022–23ರಲ್ಲಿ ಆ ಮನೆ ಬಳಸಿದ ತಿಂಗಳ ಸರಾಸರಿಗೆ ಸ್ವಲ್ಪ ಸೇರಿಸಿ ಉಚಿತ ಮಿತಿಯನ್ನು ನಿಗದಿ ಮಾಡಲಾಗಿದೆ. ಆ ಮಿತಿಯನ್ನು ಮೀರಿ 200 ಯೂನಿಟ್‌ನೊಳಗೆ ಬಳಸಿದರೆ ಹೆಚ್ಚುವರಿ ಯೂನಿಟ್‌ಗಳಿಗೆ ಮಾತ್ರ ಹಣ ಕಟ್ಟಬೇಕು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು.

ತಿಂಗಳಿಗೆ 110 ಯೂನಿಟ್ ಬಳಸುವ, 121 ಯೂನಿಟ್‌ವರೆಗೆ ಉಚಿತವಿರುವ ಒಂದು ಮನೆಯನ್ನು ಊಹಿಸಿಕೊಳ್ಳೋಣ, ಲೆಕ್ಕ ಸುಲಭವಾಗಲೆಂದು ಯೂನಿಟ್‌ಗೆ 6 ರೂಪಾಯಿ ಎಂದಿಟ್ಟುಕೊಳ್ಳೋಣ. ಒಂದು ಎಲೆಕ್ಟ್ರಿಕ್ ಬ್ಲಾಂಕೆಟನ್ನು ತಿಂಗಳಿಡೀ ರಾತ್ರಿಗೆ ಎಂಟು ಗಂಟೆ ಹಾಕಿದರೆ 18 ಯೂನಿಟ್ ಸೇರಿ ಬಳಕೆ 128 ಆಗುತ್ತದೆ, ಕಟ್ಟಬೇಕಾದದ್ದು 7 ಯೂನಿಟ್‌ಗೆ 42 ರೂಪಾಯಿ. 800 ವಾಟ್‌ನ ರಾಡ್ ಹೀಟರನ್ನು ದಿನಕ್ಕೆ ಮೂರು ಗಂಟೆ ಹಚ್ಚಿದರೆ 72 ಯೂನಿಟ್ ಸೇರಿ 182 ಆಗುತ್ತದೆ, 61 ಯೂನಿಟ್‌ಗೆ 366 ರೂಪಾಯಿ. 2000 ವಾಟ್‌ನ ಫ್ಯಾನ್ ಹೀಟರನ್ನು ಅದೇ ಮೂರು ಗಂಟೆ ಹಾಕಿದರೆ 180 ಯೂನಿಟ್ ಸೇರಿ ಬಳಕೆ 290ಕ್ಕೆ ಏರುತ್ತದೆ, ಮಿತಿ ಒಡೆದು ಪೂರ್ತಿ 290 ಯೂನಿಟ್‌ಗೆ 1,740 ರೂಪಾಯಿ, ಇತರ ಶುಲ್ಕ ತೆರಿಗೆಗಳು ಬೇರೆ. ಫ್ಯಾನ್ ಹೀಟರ್‌ಗೆ ಅಂಗಡಿಯಲ್ಲಿ ಕೊಟ್ಟ ಹಣ ಒಂದೇ ತಿಂಗಳಲ್ಲಿ ಇನ್ನೊಮ್ಮೆ ಹೋದಂತಾಯಿತು. ಆದ್ದರಿಂದ ಹೀಟರ್ ತರುವ ಮೊದಲು ಹಿಂದಿನ ಎರಡು ಮೂರು ತಿಂಗಳ ಬಿಲ್ ತೆಗೆದು, 200ಕ್ಕೆ ಇನ್ನೆಷ್ಟು ಯೂನಿಟ್ ಬಾಕಿಯಿದೆ ಎಂದು ನೋಡಿ, ಅದನ್ನು 30ರಿಂದ ಭಾಗಿಸಬೇಕು. ದಿನಕ್ಕೆ ಅಷ್ಟರೊಳಗೆ ಓಡುವ ಯಂತ್ರವನ್ನಷ್ಟೇ ತರಬೇಕು.

ಬೆಂಕಿ ಕಾಯಿಸುವುದು

ಮಲೆನಾಡು, ಕೊಡಗಿನ ಹಳೆಯ ಮನೆಗಳಲ್ಲಿ ಬಚ್ಚಲೊಲೆಗೆ ಕಾಫಿ ಗಿಡದ ಕಸಿಕಡ್ಡಿ, ಅಡಿಕೆ ಸಿಪ್ಪೆ ಹಾಕಿ ಹಂಡೆ ಕಾಯಿಸುವಾಗ ಅದರ ಮುಂದೆ ಕುಳಿತು ಚಳಿ ಕಾಯಿಸುವುದಕ್ಕಿಂತ ಅಗ್ಗದ ಸುಖ ಇನ್ನೊಂದಿಲ್ಲ. ಸೌದೆ ತೋಟದ್ದು, ಹೊಗೆ ಹೊರಗೆ ಹೋಗಲು ಹೆಂಚಿನ ಸಂದು ಇದೆ. ಅದೇ ಅಭ್ಯಾಸವನ್ನು ತಾರಸಿಯ ಮನೆಯ ಮುಚ್ಚಿದ ಕೋಣೆಗೆ ತಂದರೆ ಸಾವು ಬರುತ್ತದೆ. ಇದ್ದಿಲಿನ ಅಗ್ಗಿಷ್ಟಿಕೆ ಅಥವಾ ಶಿಗಡಿ ಹೊಗೆಯಾಡುವುದು ನಿಂತ ಮೇಲೂ ಕಾರ್ಬನ್ ಮೊನಾಕ್ಸೈಡ್ ಬಿಡುತ್ತಲೇ ಇರುತ್ತದೆ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲಿರುವವರನ್ನು ಎಚ್ಚರಿಸುವುದಿಲ್ಲ. ಉತ್ತರ ಭಾರತದಲ್ಲಿ ಇದರಿಂದ ಇಡೀ ಕುಟುಂಬಗಳು ಸತ್ತ ಸುದ್ದಿ ಚಳಿಗಾಲಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕಿಟಕಿ ಸ್ವಲ್ಪ ತೆರೆದಿಟ್ಟರೆ ಸಾಕು ಎಂಬ ಸಮಾಧಾನವನ್ನೂ ನಂಬಬಾರದು. ಕೋಣೆ ಬೆಚ್ಚಗಾಗಲೆಂದು ಅಡುಗೆಯ ಗ್ಯಾಸ್ ಒಲೆ ಹಚ್ಚಿಡುವುದು, ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಓಡಿಸುವುದು ಇದೇ ಸಾಲಿಗೆ ಸೇರುತ್ತವೆ. ಈ ಹೋಲಿಕೆಯಲ್ಲಿ ಬೆಲೆ ಎಷ್ಟೇ ಕಡಿಮೆಯಿದ್ದರೂ ನಾನು ಪರಿಗಣಿಸಲೊಪ್ಪದ ಆಯ್ಕೆ ಮಲಗುವ ಕೋಣೆಯ ಬೆಂಕಿ.

ಸಂದು, ತಾರಸಿ ಮತ್ತು ಬಿಸಿಲು

ಬಾಗಿಲ ಕೆಳಗಿನ ಸಂದಿಗೆ ಹಳೆಯ ಪಂಚೆಯನ್ನು ಸುರುಳಿ ಸುತ್ತಿ ಇಡುವುದಕ್ಕೆ ಖರ್ಚಿಲ್ಲ. ಕಿಟಕಿಯ ಚೌಕಟ್ಟಿಗೆ ಅಂಟಿಸುವ ಫೋಮ್ ಟೇಪ್ ನೂರಿನ್ನೂರು ರೂಪಾಯಿಗೆ ಸಿಗುತ್ತದೆ. ಜಾಲರಿ ಮಾತ್ರವಿರುವ ವೆಂಟಿಲೇಟರ್‌ಗಳಿಗೆ ರಟ್ಟನ್ನು ಕತ್ತರಿಸಿ ಹೊಂದಿಸಬಹುದು, ಆದರೆ ನಾಲ್ಕೈದು ಜನ ಮಲಗುವ ಕೋಣೆಯಲ್ಲಿ ಒಂದನ್ನಾದರೂ ತೆರೆದಿಡಬೇಕು, ಅಡುಗೆಮನೆ ಮತ್ತು ಬಚ್ಚಲಿನವನ್ನು ಮುಚ್ಚಲೇಬಾರದು. ಹಗಲು 28 ಡಿಗ್ರಿ ದಾಟುವ ಬಯಲುಸೀಮೆಯಲ್ಲಿ ಹನ್ನೊಂದರಿಂದ ನಾಲ್ಕು ಗಂಟೆಯವರೆಗೆ ಕಿಟಕಿ ತೆರೆದು ಬಿಸಿಲನ್ನು ಒಳಗೆ ಬಿಟ್ಟು, ಸೂರ್ಯ ಇಳಿಯುವ ಮೊದಲೇ ಎಲ್ಲವನ್ನೂ ಮುಚ್ಚಿದರೆ ಆ ಹತ್ತು ಟನ್ ಗೋಡೆಗಳು ನಮ್ಮ ಪರವಾಗಿ ಕೆಲಸ ಮಾಡುತ್ತವೆ. ಸೊಳ್ಳೆಯ ಕಾಟವೂ ತಗ್ಗುತ್ತದೆ ಎಂಬುದು ಹೆಚ್ಚುವರಿ ಲಾಭ. ಮಣ್ಣಿನ ಮಾಳಿಗೆಯ ಮನೆಗಳಿಗೆ ಇದರ ಪ್ರಯೋಜನ ಇನ್ನೂ ಹೆಚ್ಚು, ತಗಡು ಮತ್ತು ಸಿಮೆಂಟ್ ಶೀಟಿನ ಮನೆಗಳಿಗೆ ಬಹಳ ಕಡಿಮೆ. ಮೋಡವಿಲ್ಲದ ರಾತ್ರಿ ಆ ತೆಳುವಾದ ಶೀಟು ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟು ಹೊರಗಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಮಲೆನಾಡಿನ ಹೆಂಚಿನ ಮನೆಗಳಲ್ಲಿ ಮರದ ಮುಚ್ಚಿಗೆ ಮಾಡುವ ಕೆಲಸವನ್ನು ಶೀಟಿನ ಮನೆಯಲ್ಲಿ ಮಲಗುವ ಜಾಗದ ಮೇಲೆ ಅಡ್ಡಲಾಗಿ ಬಿಗಿದ ದಪ್ಪ ಬಟ್ಟೆಯಿಂದ ತಕ್ಕಮಟ್ಟಿಗೆ ಮಾಡಿಸಬಹುದು. ಅದು ಬಲ್ಬಿಗೆ ತಾಗಬಾರದು, ಮತ್ತು ಥರ್ಮೋಕೋಲ್ ಬೇಗ ಹೊತ್ತಿಕೊಳ್ಳುವುದರಿಂದ ಅದನ್ನು ಬಳಸದಿರುವುದು ಲೇಸು. ಹತ್ತಿಯ ಸೊಳ್ಳೆ ಪರದೆ ಕಟ್ಟಿಕೊಂಡು ಮಲಗುವವರಿಗೂ ಗಾಳಿಯ ಬೀಸು ಸ್ವಲ್ಪ ಕಡಿಮೆ ತಾಗುತ್ತದೆ.

ಕೋಣೆಯನ್ನೇ ಬಿಸಿ ಮಾಡಬೇಕಾದ ಮನೆಗಳು

ವಿಶ್ವ ಆರೋಗ್ಯ ಸಂಸ್ಥೆಯ 2018ರ ವಸತಿ ಮಾರ್ಗಸೂಚಿ ಚಳಿಗಾಲದಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರುವುದು ಸುರಕ್ಷಿತ ಎನ್ನುತ್ತದೆ, ವೃದ್ಧರು, ಮಕ್ಕಳು ಮತ್ತು ದೀರ್ಘಕಾಲದ ಕಾಯಿಲೆಯವರಿಗೆ ಅದಕ್ಕಿಂತ ಹೆಚ್ಚು ಬೇಕಾಗಬಹುದೆಂದೂ ಹೇಳುತ್ತದೆ. ವಯಸ್ಸಾದವರಿಗೆ ತಮಗೆ ಚಳಿಯಾಗುತ್ತಿರುವುದೇ ತಡವಾಗಿ ಅರಿವಿಗೆ ಬರುತ್ತದೆ, ರಾತ್ರಿ ಎರಡು ಮೂರು ಸಲ ಎದ್ದು ಓಡಾಡಬೇಕಾಗುತ್ತದೆ. ಒಂದು ವರ್ಷದೊಳಗಿನ ಮಗುವಿನ ಮೇಲೆ ದಪ್ಪ ರಜಾಯಿ ಹೊದಿಸಿದರೆ ಅದು ಮುಖದ ಮೇಲೆ ಸರಿದು ಉಸಿರುಗಟ್ಟುವ ಭಯವಿರುವುದರಿಂದ ಮೈಗೆ ಪದರ ಪದರವಾಗಿ ಬಟ್ಟೆ ತೊಡಿಸಿ ಕೋಣೆಯನ್ನೇ ಹದವಾಗಿಡುವುದು ಕ್ಷೇಮ. ಇಂತಹ ಮನೆಯಲ್ಲಿ ಎಲ್ಲರೂ ಚಳಿಗಾಲದ ಮಟ್ಟಿಗೆ ಅತ್ಯಂತ ಚಿಕ್ಕದಾದ, ಹೊರಗೋಡೆ ಕಡಿಮೆಯಿರುವ ಒಂದೇ ಕೋಣೆಗೆ ಮಲಗಲು ಬಂದು, ಸಂದುಗಳನ್ನು ಮುಚ್ಚಿ, ಎಣ್ಣೆಯ ರೇಡಿಯೇಟರನ್ನು ಅದರ ಅತ್ಯಂತ ಕಡಿಮೆ ವಾಟ್‌ನಲ್ಲಿ ಓಡಿಸಬೇಕು. ನೂರೈವತ್ತು ರೂಪಾಯಿಯ ಒಂದು ಕೋಣೆಯ ಥರ್ಮಾಮೀಟರ್ ಗೋಡೆಯ ಮೇಲಿದ್ದರೆ 18 ಮುಟ್ಟಿದ್ದು ತಿಳಿಯುತ್ತದೆ, ಅದರಾಚೆಗೆ ಓಡಿಸುವ ಪ್ರತಿ ಗಂಟೆಯ ಹಣವೂ ಉಳಿಯುತ್ತದೆ.

ಉಳಿದವರಲ್ಲಿ ಐನೂರು ರೂಪಾಯಿ ಇರುವವರು ಫೋಮ್ ಟೇಪ್, ಕಾಲುಚೀಲ ಮತ್ತು ಬಿಸಿನೀರಿನ ಚೀಲ ಕೊಳ್ಳಲಿ. ಎರಡು ಸಾವಿರ ಇದ್ದರೆ ಬಯಲುಸೀಮೆಯವರು ಹಳೆಯ ರಜಾಯಿಯನ್ನು ಹಿಂಜಿಸಿ ಉಳಿದ ಹಣಕ್ಕೆ ಸ್ವೆಟರ್ ತರಲಿ, ಮಲೆನಾಡಿನವರು ಒಂದು ಒಳ್ಳೆಯ ಕಂಬಳಿಗೇ ಹಾಕಲಿ, ಒಂಟಿಯಾಗಿ ಬಾಡಿಗೆ ಕೋಣೆಯಲ್ಲಿರುವವರು ಎಲೆಕ್ಟ್ರಿಕ್ ಬ್ಲಾಂಕೆಟ್ ತರಲಿ. ರಾಡ್ ಹೀಟರ್ ಬೇಕೆನಿಸಿದವರು ಅದನ್ನು ಫೆಬ್ರುವರಿಯಲ್ಲಿ, ಅಂಗಡಿಯವರು ಫ್ಯಾನ್ ಮತ್ತು ಕೂಲರ್‌ಗಳಿಗೆ ಜಾಗ ಮಾಡಿಕೊಳ್ಳುತ್ತಿರುವಾಗ ಕೊಳ್ಳುವುದು ಅಗ್ಗ.